ಮೊದಲು ಕಂಕುಳು ತೋರಿಸಿ: ಸರ್ಫ್, ಸ್ಕೇಟ್ ಗುಣದ ಗಾಲ್ಫ್ ಉಡುಪು ಬ್ರ್ಯಾಂಡ್ ಕಟ್ಟುವ ಬಗೆ

ಮೈಗೆ ಬಿಗಿಯಾಗಿ ಕೂರುವ ಒಂದು ಕಾಲರ್ ಅಂಗಿ ತೊಟ್ಟು, ಅದನ್ನು ಪ್ಯಾಂಟಿನೊಳಗೆ ಸಿಕ್ಕಿಸಿ, ಕನ್ನಡಿಯ ಮುಂದೆ ನಿಲ್ಲಿ. ಗಾಲ್ಫ್ ಕೋಲು ಹಿಡಿದವರಂತೆ ಎರಡೂ ಕೈಗಳನ್ನು ಬಲಭುಜದ ಮೇಲಕ್ಕೆ ಒಯ್ಯಿರಿ. ಎಡಗಂಕುಳಿನ ಹೊಲಿಗೆ ಬೆನ್ನಿನ ಬಟ್ಟೆಯನ್ನೆಲ್ಲ ತನ್ನ ಕಡೆಗೆ ಸೆಳೆಯುತ್ತದೆ, ಅಂಗಿಯ ಅಂಚು ಸೊಂಟದಿಂದ ಮೇಲೆದ್ದು ಬರುತ್ತದೆ. ಚೆಂಡು ಹೊಡೆದು ಮುಗಿಸುವ ಹೊತ್ತಿಗೆ ಒಂದು ಪಕ್ಕ ಒಳಗೆ, ಇನ್ನೊಂದು ಪಕ್ಕ ಹೊರಗೆ. 18 ಹೋಲ್‌ಗಳ ಒಂದು ಸುತ್ತಿನಲ್ಲಿ, ಅಭ್ಯಾಸಕ್ಕೆ ಬೀಸುವುದೂ ಸೇರಿ, ಇದು ನೂರಾರು ಸಲ ನಡೆಯುತ್ತದೆ.

ಸರ್ಫ್ (ಹಲಗೆಯ ಮೇಲೆ ನಿಂತು ಅಲೆ ಏರುವ ಆಟ) ಮತ್ತು ಸ್ಕೇಟ್ (ಗಾಲಿ ಹಲಗೆಯ ಆಟ) ಲೋಕದ ಸೊಗಡಿರುವ ಗಾಲ್ಫ್ ಬ್ರ್ಯಾಂಡ್ ಮಾಡಬೇಕು ಎಂದು ಬರುವವರಲ್ಲಿ ಬಹಳ ಜನ ಮೊದಲು ತೋರಿಸುವುದು ಚಿತ್ರಗಳನ್ನು: ತೆಂಗಿನ ಮರ, ತಲೆಬುರುಡೆ, ಗೋಡೆಬರಹದ ಅಕ್ಷರ, ಚೆಂಡಿನ ಬದಲು ಕಣ್ಣುಗುಡ್ಡೆ ಇಟ್ಟ ಟೀ, ಅಂದರೆ ಚೆಂಡು ಕೂರಿಸುವ ಪುಟ್ಟ ಗೂಟ. ಚಿತ್ರ ಇರಲಿ, ಮೊದಲು ಕಂಕುಳು ತೋರಿಸಿ ಎನ್ನುತ್ತೇನೆ ನಾನು. ಅಲ್ಲಿ ಹೊಲಿಗೆ ಹೇಗೆ ಕೂತಿದೆ ಎಂಬುದರ ಮೇಲೆ ಬ್ರ್ಯಾಂಡ್ ಎರಡನೆಯ ವರ್ಷ ಕಾಣುತ್ತದೆಯೇ ಇಲ್ಲವೇ ಎಂಬುದು ಅರ್ಧ ನಿಂತಿರುತ್ತದೆ.

ಹೆಜ್ಜೆ 1: ಏನನ್ನು ಎರವಲು ಪಡೆಯುತ್ತೀರಿ ಎಂದು ತೀರ್ಮಾನಿಸಿ

ಸರ್ಫ್ ಉಡುಪು ಹುಟ್ಟಿದ್ದು ಶೋಕಿಗಲ್ಲ, ಹರಿದುಹೋಗುತ್ತಿದ್ದ ಬಟ್ಟೆಯಿಂದ. ಜ್ಯಾಕ್ ಓನೀಲ್ 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ತೆರೆದಾಗ ಅವರ ತಲೆಯಲ್ಲಿದ್ದದ್ದು ಒಂದೇ ಚಿಂತೆ: ಆ ತಣ್ಣೀರಿನಲ್ಲಿ ಇನ್ನಷ್ಟು ಹೊತ್ತು ಇರುವುದು ಹೇಗೆ? ಉತ್ತರವಾಗಿ ಬಂದದ್ದು ವೆಟ್‌ಸೂಟ್, ನೀರಿನಲ್ಲಿ ಮೈ ಬೆಚ್ಚಗಿಡುವ ಬಿಗಿ ಉಡುಪು. ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ 1973ರಲ್ಲಿ ಗಾರ್ಡನ್ ಮತ್ತು ರೀನಾ ಮರ್ಚೆಂಟ್ ದಂಪತಿ ಮನೆಯಲ್ಲೇ ಬೋರ್ಡ್‌ಶಾರ್ಟ್ಸ್ (ಸರ್ಫರ್‌ಗಳ ಚಡ್ಡಿ) ಹೊಲಿಯಲು ಕೂತರು. ಅಲೆಯ ಹೊಡೆತಕ್ಕೆ ಕಿತ್ತುಬರಬಾರದೆಂದು ಮೂರು ಸಾಲು ಹೊಲಿಗೆ ಹಾಕಿದರು. ಬಿಲಬಾಂಗ್ ಶುರುವಾದದ್ದು ಆ ಹೊಲಿಗೆಯಿಂದ, ಲೋಗೋದಿಂದಲ್ಲ.

ಸ್ಕೇಟ್ ಕಡೆಯ ಕಥೆಯೂ ಇದೇ ಬಗೆಯದು. 1966ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಶುರುವಾದ ವ್ಯಾನ್ಸ್ ಕಂಪನಿ ಸ್ಕೇಟ್ ಹುಡುಗರಿಗಾಗಿ ಶೂ ಮಾಡಿರಲಿಲ್ಲ. ದಪ್ಪ ರಬ್ಬರ್ ಅಟ್ಟೆ ಹಲಗೆಯನ್ನು ಕಚ್ಚಿ ಹಿಡಿಯುತ್ತದೆ ಎಂದು ಕಂಡುಕೊಂಡವರು ಆ ಹುಡುಗರೇ. ಅವರ ಒಂದು ಕಾಲಿನ ಶೂ ಬೇಗ ಸವೆಯುತ್ತದೆ ಎಂದು ತಿಳಿದು ಕಂಪನಿ ಒಂಟಿ ಶೂವನ್ನೂ ಮಾರಿತು. 1976ರಲ್ಲಿ ಸ್ಕೇಟರ್‌ಗಳಾದ ಟೋನಿ ಆಲ್ವಾ, ಸ್ಟೇಸಿ ಪೆರಾಲ್ಟಾ ಅವರ ಮಾತು ಕೇಳಿ ಕಣಕಾಲಿನ ಸುತ್ತ ಮೆತ್ತೆ ಹಾಕಿತು. ಹಾಗೆಂದು ಅಕ್ಷರಕ್ಕೆ ಬೆಲೆಯಿಲ್ಲವೆಂದಲ್ಲ. ಶಾನ್ ಸ್ಟೂಸಿ ಸರ್ಫ್‌ಬೋರ್ಡ್ ಕೆತ್ತುತ್ತಿದ್ದವರು, ಬೋರ್ಡ್ ಮೇಲೆ ಗೀಚುತ್ತಿದ್ದ ಸಹಿಯನ್ನು 1980ರ ದಶಕದ ಆರಂಭದಲ್ಲಿ ಟೀ ಶರ್ಟಿನ ಮೇಲೆ ಹಾಕಿದರು, ಅದೇ ಬ್ರ್ಯಾಂಡ್ ಆಯಿತು. ಆದರೆ ಆ ಸಹಿಗಿಂತ ಮೊದಲು ಅವರು ಕೆತ್ತಿದ ಬೋರ್ಡ್‌ಗಳಿದ್ದವು.

ಎರವಲು ಪಡೆಯುವುದಾದರೆ ಈ ನಡೆಯನ್ನೇ ಪಡೆಯಿರಿ. ಆಡುವವರ ಪಕ್ಕ ನಿಂತು, ಯಾವುದು ಹರಿಯುತ್ತದೆ, ಯಾವುದು ಎಳೆಯುತ್ತದೆ, ಯಾವುದು ಉಜ್ಜುತ್ತದೆ ಎಂದು ನೋಡಿ ಬರೆದುಕೊಳ್ಳಿ. ಈ ಆಟಗಳ ನಡುವೆ ನಂಟು ಕಟ್ಟಲು ಕಷ್ಟಪಡಬೇಕಿಲ್ಲ. ಗಾಲ್ಫ್ ಬೆಳೆದದ್ದೇ ಕಡಲಂಚಿನ ಮರಳುದಿಬ್ಬಗಳ ಮೇಲೆ. ಲಿಂಕ್ಸ್ ಎಂದರೆ ಆ ನೆಲವೇ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿರುವ ಹಳೆಯ ಗಾಲ್ಫ್ ಅಂಗಣ ಓಲ್ಡ್ ಕೋರ್ಸ್‌ನ ಮಗ್ಗುಲಿಗೇ ಉದ್ದನೆಯ ಕಡಲತೀರ ಇದೆ. ಮೂರೂ ಆಟಗಳಲ್ಲಿ ಗಾಳಿಯನ್ನೋ ನೆಲವನ್ನೋ ಓದಬೇಕು, ಒಂದೇ ಚಲನೆಯನ್ನು ಸಾವಿರ ಸಲ ಕೆಡಿಸಬೇಕು, ಕೆಡಿಸಿದ್ದಕ್ಕೆ ಬೇರೆ ಯಾರನ್ನೂ ದೂರುವಂತಿಲ್ಲ.

ಹೆಜ್ಜೆ 2: ಬಾಗಿಲಲ್ಲಿ ಬರೆದದ್ದನ್ನು ಓದಿಕೊಳ್ಳಿ

ಸ್ಕೇಟ್ ಬ್ರ್ಯಾಂಡಿಗೆ ಇಲ್ಲದ ಒಂದು ತಡೆ ನಿಮಗಿದೆ: ಕ್ಲಬ್‌ಹೌಸಿನ ಬಾಗಿಲು. ನಿಮ್ಮ ಗ್ರಾಹಕರು ಆಡಬಹುದಾದ ಹತ್ತು ಅಂಗಣಗಳ ಉಡುಪಿನ ನಿಯಮಗಳನ್ನು ತರಿಸಿ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆಯಿರಿ. ಕಾಲರ್ ಬೇಕೇ, ಅಂಗಿ ಸಿಕ್ಕಿಸಲೇಬೇಕೇ, ಚಡ್ಡಿ ಮೊಣಕಾಲಿಗಿಂತ ಎಷ್ಟು ಮೇಲಿರಬಹುದು, ಡೆನಿಮ್ ನಡೆಯುತ್ತದೆಯೇ, ದೊಡ್ಡ ಪಕ್ಕದ ಜೇಬು ನಡೆಯುತ್ತದೆಯೇ. ಸಾರ್ವಜನಿಕ ಅಂಗಣಗಳಲ್ಲಿ ಬಹುಪಾಲು ಸಡಿಲ, ಸದಸ್ಯರ ಕ್ಲಬ್‌ಗಳಲ್ಲಿ ಬಿಗಿ. ಈ ಎರಡರ ಪೈಕಿ ಯಾವ ಬಾಗಿಲು ನಿಮ್ಮದು ಎಂದು ಈಗಲೇ ಆರಿಸಿಕೊಳ್ಳದಿದ್ದರೆ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಸ್ಥಿತಿ ಪ್ರತಿ ವಿನ್ಯಾಸದಲ್ಲೂ ಬರುತ್ತದೆ.

ನಿಯಮ ಸಡಿಲುತ್ತಿದೆ, ನಿಜ. ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿ ಪಿಜಿಎ ಟೂರ್ 2019ರಿಂದ ಅಭ್ಯಾಸದ ಸುತ್ತುಗಳಲ್ಲಿ, ವೃತ್ತಿಪರರು ಹವ್ಯಾಸಿಗಳ ಜೊತೆ ಆಡುವ ಪ್ರೊ-ಆಮ್ ಪಂದ್ಯಗಳಲ್ಲಿ ಆಟಗಾರರಿಗೆ ಚಡ್ಡಿ ತೊಡಲು ಬಿಟ್ಟಿದೆ. ಆದರೆ ಸಡಿಲಿಕೆಗೂ ಮಿತಿ ಇದೆ. 2024ರ ಮಾಸ್ಟರ್ಸ್ ಗಾಲ್ಫ್ ಪಂದ್ಯಾವಳಿಯಲ್ಲಿ ಆಟಗಾರ ಜೇಸನ್ ಡೇ, ಬೀದಿಬಟ್ಟೆಯ (ಸ್ಟ್ರೀಟ್‌ವೇರ್) ಗುಣವನ್ನು ಗಾಲ್ಫಿಗೆ ತಂದ ಮಾಲ್ಬನ್ ಬ್ರ್ಯಾಂಡಿನ, ಎದೆ ತುಂಬ ಅಕ್ಷರಗಳಿದ್ದ ತೋಳಿಲ್ಲದ ಸ್ವೆಟರ್ ತೊಟ್ಟು ಬಂದರು. ಅದನ್ನು ತೆಗೆಯುವಂತೆ ಆಯೋಜಕರು ಕೇಳಿಕೊಂಡರು. ಪ್ರಚಾರ ಸಿಕ್ಕಿತು ಎಂದು ನೀವು ಹೇಳಬಹುದು. ಮೊದಲ ಕಂತಿನ ಸರಕನ್ನು ಸಾಲ ಮಾಡಿ ಹೊಲಿಸಿದವರಿಗೆ ಆ ಬಗೆಯ ಪ್ರಚಾರ ಸಿಗುವುದಿಲ್ಲ, ಗ್ರಾಹಕನ ಕೋಪ ಮಾತ್ರ ಸಿಗುತ್ತದೆ.

ನಿಯಮವನ್ನು ಮುರಿಯುವುದಕ್ಕಿಂತ ಅದರ ಅಕ್ಷರ ಪಾಲಿಸಿ ತಮಾಷೆ ಮಾಡುವುದು ಹೆಚ್ಚು ರುಚಿ. ಕಾಲರ್ ಇರಬೇಕು, ಸರಿ. 1930ರ ದಶಕದಲ್ಲಿ ಹವಾಯಿಯ ಹೊನೊಲುಲುವಿನಲ್ಲಿ ರೂಪುಗೊಂಡ ಅಲೋಹಾ ಅಂಗಿಗೂ ಕಾಲರ್ ಇದೆ, ಗುಂಡಿ ಇದೆ, ಅರ್ಧ ತೋಳಿದೆ! ಕತ್ತಿನ ಬಳಿ ತೆರೆದು ಮಲಗುವ ಆ ಕ್ಯಾಂಪ್ ಕಾಲರ್ ಬಹಳಷ್ಟು ಅಂಗಣಗಳ ನಿಯಮದೊಳಗೇ ನಡೆದುಹೋಗುತ್ತದೆ. ಸರ್ಫಿನಿಂದ ಗಾಲ್ಫಿಗೆ ಇದಕ್ಕಿಂತ ಸಲೀಸಾದ ಸೇತುವೆ ನನಗೆ ಕಂಡಿಲ್ಲ.

ಹೆಜ್ಜೆ 3: ಒಂದು ಅಂಗಿ, ಒಂದು ಚಡ್ಡಿ, ಸಾಕು

ಟೋಪಿ, ಹೂಡಿ, ಸಾಕ್ಸ್, ಚೀಲ ಎಂದು ಹದಿನಾರು ವಸ್ತುಗಳ ಪಟ್ಟಿ ಹಿಡಿದು ಹೊರಡಬೇಡಿ. ಎರಡು ವಸ್ತುಗಳನ್ನು ಚೆನ್ನಾಗಿ ಮಾಡಿ.

ಅಂಗಿಯಿಂದ ಶುರು ಮಾಡೋಣ. ಕಟಿಂಗ್ ಮಾಸ್ಟರ್‌ಗೆ ಹೇಳಬೇಕಾದ ಮೊದಲ ಮಾತು: ಕಂಕುಳಿನ ಕೊರೆತ ಮೇಲಿರಲಿ. ಸಡಿಲ ಬೇಕೆಂದು ಹೆಚ್ಚಿನವರು ಅದನ್ನು ಕೆಳಕ್ಕೆ ಇಳಿಸುತ್ತಾರೆ, ಅಲ್ಲೇ ತಪ್ಪು. ಕೊರೆತ ಕೆಳಗಿದ್ದಷ್ಟೂ ಕೈ ಎತ್ತಿದಾಗ ಅಂಗಿಯ ಒಡಲೆಲ್ಲ ಮೇಲೇಳುತ್ತದೆ. ಕೊರೆತ ಮೈಗೆ ಹತ್ತಿರವಿದ್ದು ತೋಳು ಅಗಲವಾಗಿದ್ದರೆ ತೋಳು ಮಾತ್ರ ಏಳುತ್ತದೆ. ನೇಯ್ದ ಬಟ್ಟೆಯಾದರೆ ಕಂಕುಳಲ್ಲಿ ವಜ್ರಾಕಾರದ ಒಂದು ತುಂಡು ಸೇರಿಸಬಹುದು, ಬೆನ್ನಿನಲ್ಲಿ ಭುಜದ ಅಂಚುಗಳ ಹತ್ತಿರ ಒಂದೊಂದು ಮಡಿಕೆ ಕೊಡಬಹುದು. ನಡುಬೆನ್ನಿನ ಒಂದೇ ಮಡಿಕೆ ನೋಡಲು ಚೆಂದ, ಕೋಲು ಬೀಸುವ ಸ್ವಿಂಗ್‌ಗೆ ಅಷ್ಟಾಗಿ ಉಪಯೋಗವಿಲ್ಲ. ಅಂಚು ನೇರವಾಗಿರಲಿ, ಪಕ್ಕದಲ್ಲಿ ಸಣ್ಣ ಸೀಳಿರಲಿ, ಬಿಟ್ಟರೂ ಚೆಂದ ಕಾಣುವ, ಸಿಕ್ಕಿಸು ಎಂದರೂ ಒಳಗೆ ನಿಲ್ಲುವ ಉದ್ದವಿರಲಿ. ಈ ಉದ್ದ ಸಿಗಲು ಮೂರು ಸ್ಯಾಂಪಲ್ ಆದರೂ ಬೇಕಾಗುತ್ತದೆ.

ಚಿತ್ರವಿರುವ ಬಟ್ಟೆಯಾದರೆ ಜೇಬಿನ ಮೇಲಿನ ಚಿತ್ರ ಹಿಂದಿನ ಚಿತ್ರಕ್ಕೆ ಸರಿಯಾಗಿ ಕೂಡಬೇಕು, ಜೇಬು ಇರುವುದೇ ಗೊತ್ತಾಗದಂತೆ. ಒಳ್ಳೆಯ ಅಲೋಹಾ ಅಂಗಿಯನ್ನು ಬಲ್ಲವರು ಗುರುತಿಸುವುದೇ ಇದರಿಂದ. ಬಟ್ಟೆ ಸ್ವಲ್ಪ ಹೆಚ್ಚು ವ್ಯರ್ಥವಾಗುತ್ತದೆ, ಆಗಲಿ.

ಚಡ್ಡಿಗೆ ಬೋರ್ಡ್‌ಶಾರ್ಟ್ಸ್ ಮಾದರಿ ಇಟ್ಟುಕೊಳ್ಳಿ, ಆದರೆ ಕಣ್ಣುಮುಚ್ಚಿ ನಕಲು ಮಾಡಬೇಡಿ. ಬೇಗ ಒಣಗುವ ಬಟ್ಟೆ, ಒಳಗೆ ಜಾಲರಿ ಇಲ್ಲದಿರುವುದು, ಮುಂಭಾಗದಲ್ಲಿ ರಬ್ಬರಿಲ್ಲದ ಚಪ್ಪಟೆ ಸೊಂಟಪಟ್ಟಿ, ಇವನ್ನು ಇಟ್ಟುಕೊಳ್ಳಿ. ವೆಲ್ಕ್ರೋವನ್ನು ಮಾತ್ರ ಬಿಡಿ. ಒಬ್ಬರು ಚೆಂಡಿನ ಮುಂದೆ ಉಸಿರು ಬಿಗಿಹಿಡಿದು ನಿಂತಿರುವಾಗ ಪಕ್ಕದಲ್ಲಿ ಜೇಬಿನ ವೆಲ್ಕ್ರೋ ಪರ್ರೆಂದು ಕಿತ್ತರೆ ನಿಮ್ಮ ಬ್ರ್ಯಾಂಡಿನ ಹೆಸರು ಆ ಗುಂಪಿನಲ್ಲಿ ಬಹಳ ಕಾಲ ಉಳಿಯುತ್ತದೆ, ನೀವು ಬಯಸಿದ ರೀತಿಯಲ್ಲಲ್ಲ. ಸದ್ದಿಲ್ಲದ ಒಳಗುಂಡಿ ಅಥವಾ ಸಣ್ಣ ಜಿಪ್ ಹಾಕಿ.

ಜೇಬಿನ ಲೆಕ್ಕ ಹೀಗೆ. ನಿಯಮದ ಪ್ರಕಾರ ಗಾಲ್ಫ್ ಚೆಂಡಿನ ವ್ಯಾಸ 42.67 ಮಿಲಿಮೀಟರ್‌ಗಿಂತ ಕಡಿಮೆ ಇರುವಂತಿಲ್ಲ. ಎರಡು ಚೆಂಡು ಹಾಕಿಕೊಂಡು ಬಗ್ಗಿದರೂ ಹೊರಗೆ ಉರುಳಬಾರದು, ನಡೆಯುವಾಗ ತೊಡೆಗೆ ಬಡಿಯಬಾರದು. ಇದಕ್ಕೆ ಜೇಬಿನ ಚೀಲವನ್ನು ಪಕ್ಕದ ಹೊಲಿಗೆಗೆ ಸೇರಿಸಿ ಹೊಲಿಯಬೇಕು, ಸುಮ್ಮನೆ ತೂಗುಬಿಡಬಾರದು. ಟೀಗಳಿಗೆ ಪ್ರತ್ಯೇಕ ಕಿರುಜೇಬು ಬೇಕು, ಅದರ ಒಳಬಟ್ಟೆ ದಟ್ಟ ನೇಯ್ಗೆಯದಾಗಿರಬೇಕು. ತೆಳುವಾದರೆ ಟೀಯ ಮೊನೆ ತೂರಿಬಂದು ಬಗ್ಗಿದಾಗಲೆಲ್ಲ ತೊಡೆಗೆ ಚುಚ್ಚುತ್ತದೆ. ಹಿಂದಿನ ಜೇಬಿನಲ್ಲಿ ಮಡಚಿದ ಸ್ಕೋರ್ ಕಾರ್ಡ್ ಮತ್ತು ಗಿಡ್ಡ ಪೆನ್ಸಿಲ್ ಹಿಡಿಸಬೇಕು. ಸರ್ಫರ್‌ಗಳ ಚಡ್ಡಿಯಲ್ಲಿ ಮೇಣದ ಬಾಚಣಿಗೆಗೆಂದು ಹಿಂದೊಂದು ಜೇಬಿರುತ್ತದೆಯಲ್ಲ, ಅದನ್ನೇ ಪೆನ್ಸಿಲ್‌ಗೆ ತಿರುಗಿಸಿಕೊಂಡರೆ ಗೊತ್ತಿರುವವರು ನೋಡಿ ನಗುತ್ತಾರೆ. ಗೊತ್ತಿಲ್ಲದವರಿಗೂ ಪೆನ್ಸಿಲ್ ಇಡಲು ಜಾಗವಾಯಿತು.

ನಡೆದು ಆಡುವವರು ಒಂದು ಸುತ್ತಿಗೆ ಸುಮಾರು 8ರಿಂದ 10 ಕಿಲೋಮೀಟರ್ ನಡೆಯುತ್ತಾರೆ. ಆದ್ದರಿಂದ ಎರಡೂ ಕಾಲಿನ ಹೊಲಿಗೆಗಳು ಒಂದೇ ಬಿಂದುವಿನಲ್ಲಿ ಗಂಟುಕಟ್ಟದಂತೆ ತೊಡೆಸಂದಿಗೆ ಒಂದು ತುಂಡು ಕೊಡಿ.

ಹೆಜ್ಜೆ 4: ಬಟ್ಟೆಯನ್ನು ಮನೆಯಲ್ಲೇ ಹಿಂಸಿಸಿ

ಹಳೆಯ ಸ್ಕೇಟ್ ಪ್ಯಾಂಟಿನ ಟ್ವಿಲ್ ಚದರ ಮೀಟರಿಗೆ 250 ಗ್ರಾಂ, ಅದಕ್ಕೂ ಹೆಚ್ಚು ತೂಗುತ್ತದೆ. ಬಿದ್ದರೆ ಮೊಣಕಾಲು ಉಳಿಯಬೇಕಲ್ಲ. ಗಾಲ್ಫ್‌ನಲ್ಲಿ ಯಾರೂ ಕಾಂಕ್ರೀಟಿನ ಮೇಲೆ ಬೀಳುವುದಿಲ್ಲ, ಅಲ್ಲಿನ ಶತ್ರುಗಳು ಬೆವರು, ಬಿಸಿಲು ಮತ್ತು ಚೀಲದ ಪಟ್ಟಿ. ಚಡ್ಡಿಗೆ 140ರಿಂದ 180 ಗ್ರಾಂ ತೂಕದ, ಸ್ವಲ್ಪ ಎಲಾಸ್ಟೇನ್ (ಹಿಗ್ಗುವ ನೂಲು) ಇರುವ ನೈಲಾನ್ ಅಥವಾ ಪಾಲಿಯೆಸ್ಟರ್ ನೇಯ್ಗೆ ಸಾಕು. ಹೆಣೆದ ಪೋಲೋ ಅಂಗಿಗೂ ಹೆಚ್ಚುಕಡಿಮೆ ಅದೇ ತೂಕ ನಡೆಯುತ್ತದೆ, ಪೋಲೋ ಅಂಗಿಗೆ ಬಳಸುವ, ಮೇಲ್ಮೈ ಉಬ್ಬುತಗ್ಗಿನ ಹತ್ತಿಯ ಪಿಕೆ ಬಟ್ಟೆಯಾದರೆ 200 ದಾಟುತ್ತದೆ. ಕ್ಯಾಂಪ್ ಕಾಲರ್ ಅಂಗಿಗೆ ಎಲ್ಲರೂ ರೇಯಾನ್ ಹಿಂದೆ ಹೋಗುತ್ತಾರೆ, ಬೀಳುವ ಸೊಬಗು ಅದಕ್ಕಿದೆ, ಒಪ್ಪುತ್ತೇನೆ. ಆದರೆ ರೇಯಾನ್ ನೆನೆದಾಗ ಬಲ ಕಳೆದುಕೊಳ್ಳುತ್ತದೆ, ಒಗೆದರೆ ಕುಗ್ಗುತ್ತದೆ. ಬೆವರಿ ನೆನೆದ ಅಂಗಿಯಲ್ಲಿ ಜೋರಾಗಿ ಸ್ವಿಂಗ್ ಮಾಡುವ ಆಟಕ್ಕೆ ಲಯೋಸೆಲ್ (ಮರದ ತಿರುಳಿನಿಂದ ಮಾಡಿದ ನೂಲು) ಅಥವಾ ಹತ್ತಿ-ಪಾಲಿಯೆಸ್ಟರ್ ಮಿಶ್ರಣ ಮೇಲು.

ಪ್ರಯೋಗಾಲಯಕ್ಕೆ ಕಳಿಸುವ ಮೊದಲು ನೀವೇ ಮಾಡಬಹುದಾದದ್ದು ಬಹಳ ಇದೆ. ಬಟ್ಟೆಯ ಮೇಲೆ 50 ಸೆಂಟಿಮೀಟರ್ ಚೌಕ ಗುರುತಿಸಿ ಮೂರು ಸಲ ಒಗೆದು ಒಣಗಿಸಿ ಮತ್ತೆ ಅಳೆಯಿರಿ. ಒಂದು ಬದಿಯಲ್ಲಿ ಒಂದೂವರೆ ಸೆಂಟಿಮೀಟರ್ ಕಡಿಮೆಯಾದರೆ ಶೇ 3ರಷ್ಟು ಕುಗ್ಗಿದೆ ಎಂದಾಯಿತು. ಚೌಕ ವಾಲಿಕೊಂಡಿದ್ದರೆ ಆ ಹೆಣಿಗೆಯ ಅಂಗಿಯ ಪಕ್ಕದ ಹೊಲಿಗೆ ನಾಲ್ಕು ಒಗೆತದಲ್ಲಿ ಹೊಟ್ಟೆಯ ಮೇಲಕ್ಕೆ ತಿರುಗುತ್ತದೆ. ಬಿಳಿ ಬಟ್ಟೆಯನ್ನು ಉಪ್ಪುನೀರಲ್ಲಿ ಅದ್ದಿ ಬಣ್ಣದ ಬಟ್ಟೆಗೆ ಉಜ್ಜಿ ನೋಡಿ. ಕೊನೆಯದಾಗಿ ಗಾಲ್ಫ್ ಚೀಲ ಹೊತ್ತು ಒಂದು ವಾರ ಓಡಾಡಿ. ಪಟ್ಟಿ ಉಜ್ಜುವ ಭುಜ, ಚೀಲ ತಗಲುವ ಸೊಂಟದ ಪಕ್ಕ, ಈ ಎರಡು ಕಡೆ ಎಳೆ ಎದ್ದು ಗುಳ್ಳೆ ಕಟ್ಟಿದರೆ ಬಟ್ಟೆ ಬದಲಿಸಿ. ಬಣ್ಣ ಬೆವರಿಗೆ ನಿಲ್ಲುತ್ತದೆಯೇ ಎಂಬುದಕ್ಕೆ ಅಂತಾರಾಷ್ಟ್ರೀಯ ಮಾನಕ ಐಎಸ್‌ಒ 105 ಸರಣಿಯ ಪರೀಕ್ಷೆಗಳಿವೆ, ಅಂತಿಮವಾಗಿ ಆರಿಸಿದ ಬಟ್ಟೆಗೆ ಅವನ್ನು ಮಾಡಿಸಿಕೊಳ್ಳಿ.

ಹೆಜ್ಜೆ 5: ಈಗ ಚಿತ್ರ ತನ್ನಿ

ಚಿತ್ರದ ವಿಷಯದಲ್ಲಿ ಪೆಟ್ಟು ತಿಂದವನು ನಾನು. ಕೆಂಪು ಪಾಲಿಯೆಸ್ಟರ್ ಅಂಗಿಗಳ ಬೆನ್ನಿಗೆ ಬೆಳ್ಳಗೆ ಒಂದು ಅಲೆಯ ಗೆರೆ ಅಚ್ಚು ಹಾಕಿಸಿದ್ದೆ. ಅಚ್ಚಿನ ಮೇಜಿನ ಮೇಲೆ ಹಾಲಿನಂತೆ ಬೆಳ್ಳಗಿತ್ತು. ಪೆಟ್ಟಿಗೆಗೆ ತುಂಬಿಸಿ ಎರಡು ವಾರದ ಮೇಲೆ ತೆರೆದರೆ ಎಲ್ಲ ಅಲೆಗಳೂ ತಿಳಿಗುಲಾಬಿ! ಪಾಲಿಯೆಸ್ಟರ್‌ಗೆ ಹಾಕುವ ಬಣ್ಣ ಬಿಸಿ ತಗಲಿದರೆ ಆವಿಯಾಗಿ ಮೇಲಿನ ಶಾಯಿಗೆ ಏರುತ್ತದೆ. ಅಂಗಿಗೆ ಅಚ್ಚು ಹಾಕಲು ಬಳಸುವ ಸಾಧಾರಣ ಪ್ಲಾಸ್ಟಿಸಾಲ್ ಶಾಯಿ ಗಟ್ಟಿಯಾಗಲು 160 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ ಬೇಕು, ಏರುವುದಕ್ಕೆ ಅಷ್ಟು ಧಾರಾಳ ಸಾಕು. ಆ ಏರಿಕೆ ಕೂಡಲೇ ಕಾಣುವುದಿಲ್ಲ, ದಿನಗಟ್ಟಲೆ ನಿಧಾನವಾಗಿ ನಡೆಯುತ್ತದೆ. ಕಡಿಮೆ ಶಾಖದಲ್ಲಿ ಗಟ್ಟಿಯಾಗುವ ಶಾಯಿ ಕೇಳಿ, ಅಡಿಯಲ್ಲಿ ಬಣ್ಣ ತಡೆಯುವ ಬೂದು ಪದರ ಹಾಕಿಸಿ, ಸ್ಯಾಂಪಲ್ಲನ್ನು ಎರಡು ವಾರ ಬಿಸಿ ಜಾಗದಲ್ಲಿ ಇಟ್ಟು ನೋಡಿ ಆಮೇಲೆ ಒಪ್ಪಿಗೆ ಕೊಡಿ.

ಕಸೂತಿಗೂ ಅದರದೇ ಕಷ್ಟ. ತೆಳ್ಳಗಿನ, ಹಿಗ್ಗುವ ಬಟ್ಟೆಯ ಮೇಲೆ ದಟ್ಟ ಕಸೂತಿ ಹಾಕಿದರೆ ಸುತ್ತಲೂ ಸುಕ್ಕು ಬೀಳುತ್ತದೆ. ಹಿಂದೆ ಕತ್ತರಿಸಿ ಉಳಿಸುವ ಬಗೆಯ ಆಧಾರ ಬಟ್ಟೆ ಇಡಿಸಿ, ಅಕ್ಷರ ಚಿಕ್ಕದಾಗಿಸಿ, ಎಳೆ ವಿರಳಗೊಳಿಸಿ. ಬಟ್ಟೆಯ ತುಂಬ ಚಿತ್ರ ಬೇಕೆಂದರೆ ಬಿಳಿ ಪಾಲಿಯೆಸ್ಟರ್ ಮೇಲೆ ಸಬ್ಲಿಮೇಷನ್ ಮುದ್ರಣವೇ (ಬಣ್ಣವನ್ನು ಬಿಸಿಯಿಂದ ಆವಿಯಾಗಿಸಿ ಬಟ್ಟೆಗೆ ಇಳಿಸುವುದು) ಸುಲಭ. ನನ್ನ ಕೆಂಪಂಗಿಯನ್ನು ಕೆಡಿಸಿದ ಅದೇ ಆವಿಯ ಗುಣ ಅಲ್ಲಿ ಕೆಲಸಕ್ಕೆ ಬರುತ್ತದೆ.

ಯಾವ ಚಿತ್ರ ಎಂಬುದಕ್ಕೆ ನನ್ನದೊಂದೇ ಸಲಹೆ: ತೆಂಗಿನ ಮರ ಎಲ್ಲರಲ್ಲೂ ಇದೆ. ಅಂಗಣದ ಮರಳುಗುಂಡಿಯಾದ ಬಂಕರಿನ ಮರಳಿನಲ್ಲಿ ಕುಂಟೆ ಬಿಟ್ಟ ಗೆರೆಗಳು ಅಲೆಯಂತೆಯೇ ಕಾಣುತ್ತವೆ, ಗ್ರೀನ್‌ನ (ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲುನೆಲ) ಏರಿಳಿತ ತೋರಿಸುವ ನಕ್ಷೆ ಸ್ಕೇಟ್ ಮಾಡುವ ಖಾಲಿ ಈಜುಕೊಳದ ಆಕಾರವನ್ನೇ ಹೋಲುತ್ತದೆ. ಹೀಗೆ ಎರಡೂ ಕಡೆ ಓದಿಸಿಕೊಳ್ಳುವ ಚಿತ್ರ ಹುಡುಕಿ. ಹವಾಯಿಯ ಪವಿತ್ರ ಗುರುತುಗಳನ್ನು ಅಲಂಕಾರಕ್ಕೆಂದು ಎತ್ತಿಕೊಳ್ಳಬೇಡಿ.

ಹೆಜ್ಜೆ 6: ಹೆಸರು

ಟ್ರೇಡ್‌ಮಾರ್ಕ್ ಹುಡುಕಾಟವನ್ನು ಲೇಬಲ್ ನೇಯಿಸುವ ಮೊದಲು ಮಾಡಿ. ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ ಬಟ್ಟೆ, ಶೂ, ಟೋಪಿ 25ನೆಯ ವರ್ಗಕ್ಕೆ ಸೇರುತ್ತವೆ, ಗಾಲ್ಫ್ ಚೀಲ ಮತ್ತು ಆಟದ ಸಾಮಗ್ರಿ 28ಕ್ಕೆ, ಮಾರಾಟ ಸೇವೆ 35ಕ್ಕೆ. ಇಂದು ಅಂಗಿ ಮಾತ್ರ ಮಾಡುತ್ತಿದ್ದರೂ ಕೋಲಿನ ತಲೆಗೆ ಹಾಕುವ ಗವಸು ಮಾಡುವ ಆಸೆ ಇದ್ದರೆ 28ರಲ್ಲೂ ನೋಡಿಕೊಳ್ಳಿ. ಶೂ ಪಕ್ಕದ ಪಟ್ಟಿ, ಸಮಾನಾಂತರ ಗೆರೆ, ಇಂಥವನ್ನು ದೊಡ್ಡ ಕಂಪನಿಗಳು ಬಿಗಿಯಾಗಿ ಕಾಯುತ್ತವೆ, "ಗೌರವಾರ್ಥ ಅನುಕರಣೆ" ಎಂಬ ಮಾತು ವಕೀಲರ ಪತ್ರದ ಮುಂದೆ ನಿಲ್ಲುವುದಿಲ್ಲ.

ಹೆಜ್ಜೆ 7: ಸ್ಯಾಂಪಲ್‌ನಿಂದ ಸರಕಿಗೆ

ಕಾರ್ಖಾನೆಗೆ ಮಾತಿನಲ್ಲಿ ಹೇಳಿದ್ದು ಹೇಳಿದಂತೆ ಅಲ್ಲ. ಪ್ರತಿ ಉಡುಪಿಗೂ ಒಂದು ಟೆಕ್ ಪ್ಯಾಕ್ ಬೇಕು: ಮುಂದಿನ-ಹಿಂದಿನ ಗೆರೆಚಿತ್ರ, ಪ್ರತಿ ಅಳತೆ ಮತ್ತು ಅದು ಎಷ್ಟು ಹೆಚ್ಚುಕಡಿಮೆ ಆಗಬಹುದು, ಹೊಲಿಗೆಯ ಬಗೆ, ನೂಲಿನ ಬಣ್ಣ, ಗುಂಡಿ, ಲೇಬಲ್ ಕೂರುವ ಜಾಗ. ನಂತರ ಮೂರು ಹಂತ. ಮೊದಲು ಒಂದು ಸೈಜಿನಲ್ಲಿ ಫಿಟ್ ಸ್ಯಾಂಪಲ್, ಅದನ್ನು ತೊಟ್ಟು ಆಡಬೇಕು, ಕನ್ನಡಿಯ ಮುಂದೆ ನಿಂತರೆ ಸಾಲದು. ಆಮೇಲೆ ಎಲ್ಲ ಸೈಜುಗಳ ಸೆಟ್. ಕೊನೆಗೆ ಅಸಲಿ ಬಟ್ಟೆ, ಅಸಲಿ ಗುಂಡಿ ಹಾಕಿದ ಪಿಪಿ (ಪ್ರಿ-ಪ್ರೊಡಕ್ಷನ್, ಉತ್ಪಾದನೆಗೆ ಮೊದಲಿನ) ಸ್ಯಾಂಪಲ್. ಅದಕ್ಕೆ ಸಹಿ ಮಾಡಿ ಒಂದನ್ನು ಕಾರ್ಖಾನೆಯಲ್ಲಿ, ಒಂದನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ. ಮುಂದೆ ಜಗಳ ಬಂದರೆ ಅದೇ ಸಾಕ್ಷಿ.

ನಿಮ್ಮದೇ ಬಣ್ಣ ಹಾಕಿಸಲು ಹೋದರೆ ಕನಿಷ್ಠ ಆರ್ಡರ್ ಪ್ರಮಾಣ ಏರುತ್ತದೆ. ಮೊದಲ ಸಲ ಗಿರಣಿಯಲ್ಲಿ ಸಿದ್ಧವಿರುವ ಬಣ್ಣಗಳಲ್ಲೇ ಆರಿಸಿ. ಸರಕು ಹೊರಡುವ ಮೊದಲು ತಪಾಸಣೆ ಮಾಡಿಸಿ. ಸ್ಯಾಂಪಲ್ ತಪಾಸಣೆಯ ಮಾನಕ ಐಎಸ್‌ಒ 2859-1ರ ಸಾಮಾನ್ಯ ಮಟ್ಟದ ಪಟ್ಟಿಯಂತೆ 500 ಅಂಗಿಗಳಿದ್ದರೆ 50ನ್ನು ಎತ್ತಿ ನೋಡುತ್ತಾರೆ, ಉಡುಪಿನಲ್ಲಿ ರೂಢಿಯ 2.5 ದೋಷಮಿತಿಗೆ (ಎಕ್ಯೂಎಲ್) ಮೂರು ದೋಷಗಳವರೆಗೆ ಒಪ್ಪಿಗೆ, ನಾಲ್ಕಾದರೆ ತಿರಸ್ಕಾರ.

ಬೆಲೆ ಹಾಕುವಾಗ ಹೊಲಿಗೆಯ ಕೂಲಿ, ಬಟ್ಟೆ ಮಾತ್ರ ಲೆಕ್ಕ ಹಿಡಿಯಬೇಡಿ. ಕತ್ತರಿಸುವಾಗ ವ್ಯರ್ಥವಾದದ್ದು, ಸ್ಯಾಂಪಲ್ ಖರ್ಚು, ಸಾಗಣೆ, ಸುಂಕ, ಪೆಟ್ಟಿಗೆ, ಸೈಜ್ ಹೊಂದದೆ ವಾಪಸ್ ಬರುವುದು, ಎಲ್ಲ ಸೇರಲಿ. ಒಟ್ಟು ತಗಲಿದ್ದರ ಎರಡರಷ್ಟು ಸಗಟು ಬೆಲೆ, ಸಗಟಿನ ಎರಡರಷ್ಟು ಚಿಲ್ಲರೆ ಬೆಲೆ ಎಂಬುದು ಈ ವ್ಯಾಪಾರದ ಹಳೆಯ ರೂಢಿ. ನೇರವಾಗಿ ಮಾರುತ್ತೇನೆಂದು ಮೊದಲೇ ಬೆಲೆ ಇಳಿಸಿದರೆ, ನಾಳೆ ಅಂಗಡಿಯವರು ಕೇಳಿಕೊಂಡು ಬಂದಾಗ ಕೊಡಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಹೆಜ್ಜೆ 8: ಮಾರುವುದು, ಮತ್ತೆ ನೋಡುವುದು

ಸ್ಕೇಟ್ ಲೋಕದಿಂದ ಕಲಿಯಬೇಕಾದ ಇನ್ನೊಂದು ಪದ್ಧತಿ ತಂಡ. ಅಲ್ಲಿ ಬ್ರ್ಯಾಂಡ್ ಎಂದರೆ ಅದರ ಬಟ್ಟೆ ತೊಟ್ಟು ಆಡುವ ಹುಡುಗ ಹುಡುಗಿಯರು. ಹೆಸರಾಂತ ವೃತ್ತಿಪರ ಗಾಲ್ಫರ್‌ಗೆ ಕೊಡಲು ನಿಮ್ಮಲ್ಲಿ ಹಣವಿರುವುದಿಲ್ಲ, ಬೇಡವೂ ಬೇಡ. ಆಟಗಾರರ ಚೀಲ ಹೊರುವ ಕ್ಯಾಡಿಗಳು, ಬೆಳಗಿನ ಜಾವ ಹುಲ್ಲು ಕತ್ತರಿಸುವವರು, ಸಂಜೆ ಕೆಲಸ ಮುಗಿಸಿ ಒಂಬತ್ತು ಹೋಲ್ ಆಡಿ ಮನೆಗೆ ಹೋಗುವವರು, ಇವರಲ್ಲಿ ಆರೇಳು ಮಂದಿಯನ್ನು ಆರಿಸಿ. ಹುಲ್ಲು ನೋಡಿಕೊಳ್ಳುವವರು ದಿನಕ್ಕೆ ಎಂಟು ಗಂಟೆ ಅದೇ ಅಂಗಣದಲ್ಲಿ ಇರುತ್ತಾರೆ, ಅವರಿಗಿಂತ ಕಠಿಣ ಪರೀಕ್ಷಕರು ಸಿಗುವುದಿಲ್ಲ. ಫೋಟೊಗಳನ್ನು ಅವರ ಮೇಲೆಯೇ, ಅನುಮತಿ ಪಡೆದು ಅಂಗಣದಲ್ಲೇ ತೆಗೆಯಿರಿ. ಚೆಂಡು ಪೊದೆಗೆ ಹೋದ ಕ್ಷಣವೂ ಇರಲಿ. ಸ್ಕೇಟ್ ವಿಡಿಯೊಗಳಲ್ಲಿ ಬಿದ್ದದ್ದನ್ನು ಕತ್ತರಿಸಿ ಹಾಕುವುದಿಲ್ಲ.

ಮೊದಲ ಕಂತಿನ ಸರಕು ಸಣ್ಣದಿರಲಿ, ಹಾಸಿಗೆ ಇದ್ದಷ್ಟೇ ಕಾಲು ಚಾಚಿ. ಕ್ಲಬ್‌ಗಳೊಳಗಿನ ಅಂಗಡಿಗಳಾದ ಪ್ರೊ ಶಾಪ್‌ಗಳು ಮುಂದಿನ ಋತುವಿನ ಸರಕನ್ನು ತಿಂಗಳುಗಟ್ಟಲೆ ಮೊದಲೇ ಕಾಯ್ದಿರಿಸುವುದರಿಂದ ಅವರ ಬಳಿ ಎರಡನೆಯ ಕಂತಿನ ಸ್ಯಾಂಪಲ್ ಹಿಡಿದು ಹೋಗಿ.

ಮಾರಿದ ಮೂರು ತಿಂಗಳಿಗೆ ಹತ್ತು ಗ್ರಾಹಕರಿಗೆ ಬರೆಯಿರಿ: ನೀವು ತೊಟ್ಟು ಹಳತಾದ ಅಂಗಿ ಕಳಿಸಿ, ಹೊಸದು ಕೊಡುತ್ತೇವೆ. ಬಂದದ್ದನ್ನು ಒಗೆಯದೆ ಮೇಜಿನ ಮೇಲೆ ಹರಡಿ. ಕಾಲರಿನ ಒಳಮಡಿಕೆ ಎಲ್ಲಿ ಬಣ್ಣಗೆಟ್ಟಿದೆ, ಎಡಗೈಯ ಗವಸು ಒರೆಸಿಕೊಂಡ ಕಲೆ ಚಡ್ಡಿಯ ಯಾವ ಕಡೆ ಇದೆ, ಟೀ ಜೇಬಿನ ಮೂಲೆಯಲ್ಲಿ ಎಷ್ಟು ಎಳೆ ಬಿಟ್ಟಿದೆ ಎಂದು ಒಂದೊಂದಾಗಿ ನೋಡಿ ಸೀಮೆಸುಣ್ಣದಲ್ಲಿ ಸುತ್ತು ಹಾಕಿ. ಎರಡನೆಯ ಟೆಕ್ ಪ್ಯಾಕ್ ಬರೆಯಲು ಕೂರುವಾಗ ಆ ಹತ್ತು ಅಂಗಿಗಳು ಪಕ್ಕದಲ್ಲೇ ಇರಲಿ.